ಪದ ಹುಡುಕುವ ಪುಟ್ಟ ಲೈಬ್ರರಿ: ಕೇಳುವ ಮೊದಲು ಪದ ತೊಳೆಯಿರಿ

ಮಾರ್ಚ್ ಬಂತೆಂದರೆ ಸರಸ್ವತಿಪುರಂನ ನಮ್ಮ ಮನೆಗೆ ಎಂಜಿನಿಯರಿಂಗ್ ಹುಡುಗರು ಲ್ಯಾಪ್‌ಟಾಪ್ ಹಿಡಿದು ಬರುತ್ತಾರೆ. ಪ್ರಾಜೆಕ್ಟ್ ಬೇರೆ ಬೇರೆ, ತಪ್ಪು ಮಾತ್ರ ಒಂದೇ. "ಸರ್, ಪದಕೋಶದಲ್ಲಿ ಕೋಟೆ ಇದೆ, ನಮ್ಮ ಪ್ರೋಗ್ರಾಂ ಇಲ್ಲ ಅಂತಿದೆ."

ಅವರು ಬರೆಯುವುದು ನೆಟ್‌ನಲ್ಲಿರುವ ಪದಕೋಶವನ್ನು ಕೇಳಿ ಉತ್ತರ ತರುವ ಪುಟ್ಟ ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಂಗಳೂ ಬಳಸಬಹುದಾದ ಕೋಡ್. ಶುರು ಸುಲಭ. ಪೈಥಾನ್ ಭಾಷೆ, ನೆಟ್‌ನಿಂದ ಮಾಹಿತಿ ತರುವ ರಿಕ್ವೆಸ್ಟ್ಸ್ ಲೈಬ್ರರಿ, ಒಂದು ಫೈಲು, ಒಂದು ಫಂಕ್ಷನ್. ಪದ ಕೊಟ್ಟರೆ ಸಮಾನಾರ್ಥಕ ಪದಗಳ ಪಟ್ಟಿ ಬರಬೇಕು, ಅಷ್ಟೇ. ಇಷ್ಟಕ್ಕೆ ನಾಲ್ಕು ಕ್ಲಾಸ್ ಬರೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಕೈ ಪಳಗಲು ಇಂಗ್ಲಿಷ್ ಪದ ಹುಡುಕಿಕೊಡುವ ಡೇಟಾಮ್ಯೂಸ್ ಎಂಬ ನೆಟ್ ಸೇವೆ ಸಾಕು. ದಿನಕ್ಕೆ 1,00,000 ವಿನಂತಿವರೆಗೆ ಕೀ, ಅಂದರೆ ಬಳಕೆದಾರರ ಗುರುತು, ಕೂಡ ಕೇಳುವುದಿಲ್ಲ. ಅದು ಓಡಿದ ಮೇಲೆ ಕನ್ನಡ ಪದಕೋಶದ ವೆಬ್ ವಿಳಾಸ ಹಾಕಿ.

ತಲೆನೋವು ಶುರುವಾಗುವುದು ಇಲ್ಲೇ. "ಕೋಟೆ"ಯನ್ನು ಯೂನಿಕೋಡ್‌ನಲ್ಲಿ, ಅಂದರೆ ಕಂಪ್ಯೂಟರ್ ಅಕ್ಷರಗಳಿಗೆ ಬಳಸುವ ಸಂಕೇತಗಳ ಪಟ್ಟಿಯಲ್ಲಿ, ಎರಡು ಥರ ಬರೆಯಬಹುದು. ಓತ್ವದ ಚಿಹ್ನೆ ಒಂದೇ ಸಂಕೇತವಾಗಿದ್ದರೆ ಪದದಲ್ಲಿ 4 ಸಂಕೇತ. ಎತ್ವ, ಕೊಂಬು, ದೀರ್ಘ ಅಂತ ಬಿಡಿಬಿಡಿಯಾಗಿದ್ದರೆ 6. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ ಪದ. ಹಾಗಾಗಿ ಕೇಳುವ ಮುಂಚೆ ಪದವನ್ನು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಬಿಡಿ ಚಿಹ್ನೆಗಳು ಒಂದುಗೂಡಿದ ರೂಪಕ್ಕೆ, ತನ್ನಿ. ಪೈಥಾನ್ ಜೊತೆಗೇ ಬರುವ ಯೂನಿಕೋಡ್‌ಡೇಟಾ ಮಾಡ್ಯೂಲ್ ಒಂದೇ ಸಾಲಲ್ಲಿ ಈ ಕೆಲಸ ಮಾಡುತ್ತದೆ.

ಇನ್ನೊಂದು ಕಳ್ಳ ಇದ್ದಾನೆ. "ಸಾಫ್ಟ್‌ವೇರ್" ಎಂಬಲ್ಲಿ ಟಕಾರಕ್ಕೆ ವಕಾರ ಒತ್ತಾಗದಂತೆ ತಡೆಯುವ ಕಾಣದ ಗುರುತು. ಪೈಥಾನಿನ ಸ್ಟ್ರಿಪ್ ಹಾಕಿದರೆ ಹೋಗುತ್ತದೆ ಅಂದುಕೊಳ್ಳಬೇಡಿ. ಅದು ತೆಗೆಯುವುದು ಪದದ ತುದಿಗಳ ಖಾಲಿ ಜಾಗವನ್ನು, ಇದು ಖಾಲಿ ಜಾಗದ ಲೆಕ್ಕಕ್ಕೆ ಬರುವುದೇ ಇಲ್ಲ. ಮೊದಲು ಪದವನ್ನು ಗುರುತಿನ ಸಮೇತ ಕೇಳಿ, ಸಿಗದಿದ್ದರೆ ಗುರುತು ತೆಗೆದು ಕೇಳಿ. ಹಳೇ ನುಡಿ ಫಾಂಟಿನ ಫೈಲಿನಿಂದ ಪದ ಎತ್ತಿದ್ದೀರಾ? ಹಾಗಾದರೆ ಒಳಗಿರುವುದು ಕನ್ನಡವೇ ಅಲ್ಲ, ಕನ್ನಡದಂತೆ ಕಾಣುವ ಬೇರೆ ಸಂಕೇತಗಳು. ಮೊದಲು ಯೂನಿಕೋಡ್‌ಗೆ ಬದಲಿಸಿಕೊಂಡು ಬನ್ನಿ.

ಆಮೇಲೆ ವಿಭಕ್ತಿ. "ಮನೆಗೆ" ಪದಕೋಶದಲ್ಲಿ ಇರುವುದಿಲ್ಲ, "ಮನೆ" ಇರುತ್ತದೆ. ಕೊನೆಯ "ಗೆ" ಕತ್ತರಿಸಿದರಾಯಿತು ಅಂತ ಮಂಡ್ಯದ ಒಬ್ಬ ಹುಡುಗ ಬರೆದುಕೊಂಡು ಬಂದ. "ಮಲ್ಲಿಗೆ" ಕೊಟ್ಟು ನೋಡಪ್ಪಾ ಅಂದೆ. "ಮಲ್ಲಿ" ಉಳಿಯಿತು! ಇಡೀ ಪದ ಸಿಗದಿದ್ದಾಗ ಮಾತ್ರ ಕತ್ತರಿ ತೆಗೆಯಿರಿ.

ಇಂಗ್ಲಿಷ್ ಅರ್ಥ ಒಂದೇ ಆದ ಎರಡು ಕನ್ನಡ ಪದ ಸಮಾನಾರ್ಥಕ ಎನ್ನುವ ಅಡ್ಡದಾರಿಯೂ ಓಡಾಡುತ್ತಿದೆ. ದಡಕ್ಕೂ ಇಂಗ್ಲಿಷಿನಲ್ಲಿ ಬ್ಯಾಂಕ್ ಎನ್ನುವುದರಿಂದ, ಹಾಗೆ ಮಾಡಿದರೆ ಕಾವೇರಿಯ ದಡಕ್ಕೆ ದುಡ್ಡಿಡುವ ಬ್ಯಾಂಕು ಸಮಾನಾರ್ಥಕವಾಗುತ್ತದೆ. ಬೇಡ.

ಪದವನ್ನು ವಿಳಾಸಕ್ಕೆ ಕೈಯಾರೆ ಅಂಟಿಸಬೇಡಿ. ರಿಕ್ವೆಸ್ಟ್ಸ್‌ನಲ್ಲಿ ಅದಕ್ಕೆಂದೇ ಇರುವ ಪ್ಯಾರಾಮ್ಸ್‌ಗೆ ಕೊಡಿ, ಉಳಿದದ್ದು ಅದೇ ನೋಡಿಕೊಳ್ಳುತ್ತದೆ. ಟೈಮ್‌ಔಟ್, ಅಂದರೆ ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕೆಂಬ ಮಿತಿ, ಮಾತ್ರ ನೀವೇ ಹಾಕಬೇಕು. ನಾನು 5 ಸೆಕೆಂಡ್ ಇಡುತ್ತೇನೆ. ಹಾಕದಿದ್ದರೆ ಸರ್ವರ್ ಸುಮ್ಮನಾದಾಗ ನಿಮ್ಮ ಪ್ರೋಗ್ರಾಂ ಕೂಡ ಸುಮ್ನೆ ಕಾಯುತ್ತಾ ಕೂರುತ್ತದೆ.

ಸಿಕ್ಕ ಉತ್ತರವನ್ನು ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್‌ನಲ್ಲಿ ಇಟ್ಟುಕೊಳ್ಳಿ. ಅದೇ ಪದಕ್ಕೆ ಮತ್ತೆ ಮತ್ತೆ ಸರ್ವರ್ ಬಾಗಿಲು ತಟ್ಟುತ್ತಿದ್ದರೆ 429, ಅಂದರೆ ವಿನಂತಿ ವಿಪರೀತವಾಯಿತು, ಅಂತ ಬೈಸಿಕೊಳ್ಳುತ್ತೀರಿ. ಆದರೆ "ಪದ ಇಲ್ಲ" ಬೇರೆ, "ನೆಟ್ ಇಲ್ಲ" ಬೇರೆ. ಯಾವ ಎರರ್ ಬಂದರೂ ಖಾಲಿ ಪಟ್ಟಿ ಕೊಟ್ಟು, ಅದನ್ನೇ ಉಳಿಸಿಯೂ ಇಟ್ಟರೆ, ಕರೆಂಟ್ ಹೋದಾಗ ಕೇಳಿದ ಪದ ಆಮೇಲೆ ಎಂದೂ ಸಿಗುವುದಿಲ್ಲ. ಎರರ್ ಬಂದರೆ ಎರರ್ ಅಂತಲೇ ಹೊರಗೆ ಬಿಡಿ. ಹೊಸ ಪದವೊಂದನ್ನು ಕೊಟ್ಟು, ವೈಫೈ ಆಫ್ ಮಾಡಿ ಓಡಿಸಿ ನೋಡಿ. ಖಾಲಿ ಪಟ್ಟಿ ಬಂದರೆ ಕೋಡ್ ಇನ್ನೊಮ್ಮೆ ತೆರೆಯಿರಿ.