ಒಂದೇ ‘ಬೇಕು’, ಇಂಗ್ಲಿಷಿನಲ್ಲಿ ಐದಾರು: ಯಾವುದನ್ನು ಎಲ್ಲಿ ಹಾಕೋದು?

ಕೆಲಸಕ್ಕೆ ಸೇರಿದ ಹೊಸತು. ಶುಕ್ರವಾರ ದಾವಣಗೆರೆಯಲ್ಲಿ ಅಕ್ಕನ ಮನೆ ಗೃಹಪ್ರವೇಶ. ರಜೆ ಕೇಳಿ ಮ್ಯಾನೇಜರಿಗೆ ಮೇಲ್ ಹಾಕಿದೆ: ‘ಯೂ ಮಸ್ಟ್ ಗಿವ್ ಮಿ ಲೀವ್ ಆನ್ ಫ್ರೈಡೇ.’ ನನ್ನ ತಲೆಯಲ್ಲಿ ಇದ್ದದ್ದು ‘ದಯವಿಟ್ಟು ರಜೆ ಕೊಡಬೇಕು ಸರ್’ ಅನ್ನೋ ಕೈಮುಗಿದ ಮಾತು. ಬಂದ ಉತ್ತರ ಎರಡೇ ಪದ: ‘ಮಸ್ಟ್ ಐ?’ ಕೊಡಲೇಬೇಕಾ ಅಂತ. ರಜೆ ಸಿಕ್ಕಿತು, ಮರ್ಯಾದೆ ಹೋಯಿತು.

ತಪ್ಪು ಎಲ್ಲಿ ಆಯಿತು ಅಂತ ಗೊತ್ತಾಗೋಕೆ ಬಹಳ ದಿನ ಹಿಡಿಯಿತು. ನಮ್ಮ ‘ಬೇಕು’ ಭಾರಿ ದುಡಿಯೋ ಪದ. ಬಾಗಿಲಲ್ಲಿ ನಿಂತು ‘ಬರಬೇಕು, ಬರಬೇಕು’ ಅಂತ ಕರೆಯೋದೂ ಅದರಲ್ಲೇ, ಮದುವೆ ಕಾರ್ಡಿನಲ್ಲಿ ‘ಬಂದು ಆಶೀರ್ವದಿಸಬೇಕು’ ಅಂತ ಬೇಡೋದೂ ಅದರಲ್ಲೇ, ‘ನಾಳೆಯೊಳಗೆ ಫೀಸು ಕಟ್ಟಬೇಕು’ ಅಂತ ಗದರಿಸೋದೂ ಅದರಲ್ಲೇ. ಇಂಗ್ಲಿಷ್ ಈ ಕೆಲಸವನ್ನೆಲ್ಲ ಬೇರೆ ಬೇರೆ ಪದಗಳಿಗೆ ಹಂಚಿಕೊಟ್ಟಿದೆ. ನಾವು ಎಲ್ಲದಕ್ಕೂ ಮಸ್ಟ್ ಹಾಕ್ತೀವಿ. ಅಲ್ಲೇ ಎಡವಟ್ಟು.

ಮೊದಲ ಹೆಜ್ಜೆ: ನಿಮ್ಮ ‘ಬೇಕು’ ಯಾವ ಬೇಕು ಅಂತ ನೋಡಿ

ವಾಕ್ಯವನ್ನು ಕನ್ನಡದಲ್ಲೇ ಒಂದು ಸಲ ಹೇಳಿಕೊಳ್ಳಿ. ಅದು ಕೋರಿಕೆ ಆಗಿದ್ದರೆ ಮಸ್ಟ್, ಶುಡ್ ಯಾವುದೂ ಬೇಡ. ‘ಕುಡ್ ಯೂ ಪ್ಲೀಸ್’ ಸಾಕು. ನನ್ನ ಮೇಲ್ ಹೀಗಿರಬೇಕಿತ್ತು: ‘ಐ ಹ್ಯಾವ್ ಟು ಬಿ ಇನ್ ದಾವಣಗೆರೆ ಆನ್ ಫ್ರೈಡೇ. ಕುಡ್ ಐ ಟೇಕ್ ದ ಡೇ ಆಫ್?’ ಕೋರಿಕೆ ಅಲ್ಲ, ನಿಜವಾಗಿ ಮಾಡಲೇಬೇಕಾದ ಕೆಲಸ ಅಂತಾದರೆ ಮುಂದಕ್ಕೆ ಹೋಗೋಣ.

ಎರಡನೇದು: ದೂಡ್ತಿರೋದು ಯಾರು?

ಚಿತ್ರದುರ್ಗದ ಕೋಟೆಗೆ ಹೋದವರಿಗೆ ಓಬವ್ವನ ಕಿಂಡಿ ಗೊತ್ತೇ ಇರುತ್ತೆ. ಅದರಲ್ಲಿ ನುಸುಳಬೇಕಾದರೆ ಮೈ ಮುದುಡಿಕೊಳ್ಳಬೇಕು. ಹಾಗೆ ಮಾಡು ಅಂತ ಯಾರೂ ಹೇಳಿಲ್ಲ, ಬಂಡೆಯೇ ಹಾಗಿದೆ. ಇಂಥ ಕಡೆ ‘ಹ್ಯಾವ್ ಟು’. ಪರಿಸ್ಥಿತಿ, ನಿಯಮ, ಟೈಮ್‌ಟೇಬಲ್, ಹೊರಗಿನ ಯಾವುದೋ ನಮ್ಮನ್ನು ದೂಡುತ್ತಿದೆ. ಕೋಟೆ ನೋಡೋಕೆ ಟಿಕೆಟ್ ತಗೋಬೇಕು, ಅದೂ ಹ್ಯಾವ್ ಟು. ಕನ್ನಡದಲ್ಲಿ ‘ಬೇಕಾಗುತ್ತೆ’ ಅಂತ ಹೇಳಿದರೆ ಸರಿಹೋಗುತ್ತಾ ನೋಡಿ. ಸರಿಹೋದರೆ ಸಾಮಾನ್ಯವಾಗಿ ಹ್ಯಾವ್ ಟು ಕೂರುತ್ತೆ.

ಮಸ್ಟ್ ಹಾಗಲ್ಲ. ಅಲ್ಲಿ ಹೇಳುವವನೇ ದೂಡುತ್ತಾನೆ. ‘ಐ ಮಸ್ಟ್ ಕಾಲ್ ಅಮ್ಮ ಟುಡೇ’ ಅಂದರೆ ಅಮ್ಮನಿಗೆ ಇವತ್ತು ಫೋನ್ ಮಾಡಲೇಬೇಕು, ನನ್ನ ಮನಸ್ಸಿಗೇ ಅನಿಸಿದೆ. ಅದಕ್ಕೇ ಮಸ್ಟ್ ಅನ್ನು ಎದುರಿನವರ ಕಡೆ ತಿರುಗಿಸಿದ ತಕ್ಷಣ ಅಪ್ಪಣೆ ಆಗಿಬಿಡುತ್ತೆ. ಬೋರ್ಡುಗಳಲ್ಲಿ, ನಿಯಮಪುಸ್ತಕದಲ್ಲಿ, ಪರೀಕ್ಷೆಯ ಸೂಚನೆಯಲ್ಲಿ ಮಸ್ಟ್ ಜಾಸ್ತಿ ಕಾಣೋದೂ ಇದೇ ಕಾರಣಕ್ಕೆ. ಇದು ಗೆರೆ ಕೊರೆದ ಹಾಗಿರುವ ನಿಯಮ ಏನಲ್ಲ, ಎಷ್ಟೋ ಕಡೆ ಎರಡೂ ನಡೆಯುತ್ತೆ. ಮಾತಿನಲ್ಲಂತೂ ಕೆಲವು ದಶಕಗಳಿಂದ ಮಸ್ಟ್ ಕಡಿಮೆಯಾಗುತ್ತಾ ಬಂದಿದೆ, ಹ್ಯಾವ್ ಟು, ನೀಡ್ ಟು ಆ ಜಾಗಕ್ಕೆ ಬಂದಿವೆ. ಅನುಮಾನ ಬಂದರೆ ಹ್ಯಾವ್ ಟು ಹಾಕಿ, ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಒಂದು ಕಡೆ ಮಾತ್ರ ಮಸ್ಟ್ ಬಹಳ ಪ್ರೀತಿಯ ಪದ. ‘ಯೂ ಮಸ್ಟ್ ಟ್ರೈ ಬೆಣ್ಣೆದೋಸೆ’ ಅಂದರೆ ಅದು ಹುಕುಂ ಅಲ್ಲ, ‘ತಿನ್ನಲೇಬೇಕ್ ನೋಡ್ರಿ’ ಅಂತ ನಾವು ಊರಿಗೆ ಬಂದವರಿಗೆ ಹಟ ಮಾಡ್ತೀವಲ್ಲ, ಅದೇ.

ಸಲಹೆ ಕೊಡೋದಾದರೆ ‘ಶುಡ್’. ‘ಯೂ ಶುಡ್ ಸೀ ಎ ಡಾಕ್ಟರ್.’ ಕೇಳೋದು ಬಿಡೋದು ಅವರಿಗೆ ಬಿಟ್ಟದ್ದು. ‘ಆಟ್ ಟು’ (ought to) ಕೂಡ ಹೆಚ್ಚುಕಮ್ಮಿ ಇದೇ, ಸ್ವಲ್ಪ ಧರ್ಮದ ವಾಸನೆ ಇದೆ ಅಷ್ಟೆ. ಸಾಲ ಉಳಿಸಿಕೊಂಡಿರು ಅನ್ನೋ ಅರ್ಥದ ‘ಓ’ (owe) ಕ್ರಿಯಾಪದದ ಹಳೇ ಭೂತಕಾಲದ ರೂಪ ಈ ಆಟ್, ಅಂದರೆ ಅದರಲ್ಲಿ ಋಣ ಅಡಗಿದೆ. ನೀವು ಮಾತಾಡುವಾಗ ಶುಡ್ ಒಂದರಲ್ಲೇ ಸಂಸಾರ ನಡೆಸಬಹುದು. ಆದರೆ ‘ಹ್ಯಾಡ್ ಬೆಟರ್’ ಬಗ್ಗೆ ಹುಷಾರು. ‘ಮಾಡಿದರೆ ಒಳ್ಳೇದು’ ಅಂತ ಕನ್ನಡದಲ್ಲಿ ಮೆತ್ತಗೆ ಕೇಳಿಸುತ್ತೆ. ಇಂಗ್ಲಿಷಿನಲ್ಲಿ ಅದರ ಹಿಂದೆ ‘ಇಲ್ಲಾಂದ್ರೆ ನೋಡು’ ಅನ್ನೋದು ನಿಂತಿರುತ್ತೆ. ಸಾಹೇಬರಿಗೆ ‘ಯೂ ಹ್ಯಾಡ್ ಬೆಟರ್ ಸೈನ್ ದಿಸ್’ ಅಂದರೆ ಬೆದರಿಕೆ ಹಾಕಿದ ಹಾಗೆ.

ಮೂರನೇದು: ‘ನಾಟ್’ ಸೇರಿಸುವಾಗ ನಿಂತು ಯೋಚಿಸಿ

ಅತಿ ಹೆಚ್ಚು ಎಡವೋದು ಇಲ್ಲೇ. ನಾಳೆ ರಜೆ, ಆಫೀಸಿಗೆ ಬರೋದೇನೂ ಬೇಡ ಅಂತ ಸ್ನೇಹಿತನಿಗೆ ಹೇಳೋಕೆ ಹೋಗಿ ‘ಯೂ ಮಸ್ಟ್ ನಾಟ್ ಕಮ್ ಟುಮಾರೋ’ ಅಂದರೆ, ಕಾಲಿಡಕೂಡದು ಅಂದ ಹಾಗಾಯಿತು. ಮಸ್ಟ್, ಹ್ಯಾವ್ ಟು ಎರಡೂ ಹತ್ತಿರದ ನೆಂಟರು, ನಾಟ್ ಸೇರಿದ ಕೂಡಲೇ ಬೇರೆ ಬೇರೆ ಊರಿನವರು. ಮಸ್ಟ್ ನಾಟ್ ಅಂದರೆ ‘ಬಾರದು, ಕೂಡದು’. ಡೋಂಟ್ ಹ್ಯಾವ್ ಟು, ನೀಡಂಟ್ ಅಂದರೆ ‘ಬೇಕಾಗಿಲ್ಲ’: ಬಂದರೂ ಸರಿ, ಬಿಟ್ಟರೂ ಸರಿ. ಇದರಲ್ಲಿ ಕನ್ನಡದವರಿಗೆ ಅನುಕೂಲವೇ ಇದೆ, ನೋಡಿ. ಬರಬಾರದು, ಬರಬೇಕಾಗಿಲ್ಲ ಅಂತ ನಮ್ಮಲ್ಲಿ ಎರಡು ಬೇರೆ ರೂಪಗಳೇ ಇವೆ, ಯಾವ ಮಗುವೂ ಇವನ್ನು ಗೊಂದಲ ಮಾಡ್ಕೊಳ್ಳಲ್ಲ. ಇಂಗ್ಲಿಷ್ ಹೇಳುವ ಮೊದಲು ಈ ಎರಡರಲ್ಲಿ ಯಾವುದು ಅಂತ ಆರಿಸಿಕೊಂಡರೆ ಆಯಿತು. ಮಸಂಟ್ ಅಂತ ಕೂಡಿಸಿ ಹೇಳುವಾಗ ನಡುವಿನ ‘ಟ’ ಕೇಳಿಸಲ್ಲ, ಹಾಗಾಗಿ ಫೋನಿನಲ್ಲಿ ಕಿವಿ ಚುರುಕಾಗಿರಲಿ.

ನಾಲ್ಕನೇದು: ಆಗಿಹೋದದ್ದು

ನಾನು ಭಾನುವಾರ ಕೆಲವು ಹುಡುಗರಿಗೆ ಇಂಟರ್‌ವ್ಯೂ ಅಭ್ಯಾಸ ಮಾಡಿಸ್ತೀನಿ. ಒಬ್ಬ ಲೇಟಾಗಿ ಬಂದ. ಯಾಕೆ ಅಂದೆ. ‘ಬಸ್ ಬ್ರೋಕ್ ಡೌನ್ ನಿಯರ್ ಹರಿಹರ್ ಸರ್, ಐ ಶುಡ್ ಹ್ಯಾವ್ ಟೇಕನ್ ಆಟೋ’ ಅಂದ. ‘ಮತ್ಯಾಕೆ ತಗೊಳ್ಳಲಿಲ್ಲಪ್ಪ?’ ಅಂತ ಕೇಳಿದೆ. ‘ಇಲ್ಲ ಸರ್, ಆಟೋದಲ್ಲೇ ಬಂದೆ!’ ಅಂತ ಗಾಬರಿಯಾದ. ಅವನ ಮನಸ್ಸಿನಲ್ಲಿ ಇದ್ದದ್ದು ‘ಆಟೋದಲ್ಲಿ ಬರಬೇಕಾಯಿತು’. ಬಾಯಿಗೆ ಬಂದದ್ದು ‘ಆಟೋದಲ್ಲಿ ಬರಬೇಕಿತ್ತು’.

ಬೇಕಾಯಿತು ಅಂದರೆ ಕೆಲಸ ನಡೆದಿದೆ: ‘ಹ್ಯಾಡ್ ಟು’. ಬೇಕಿತ್ತು ಅಂದರೆ ನಡೆದಿಲ್ಲ, ಈಗ ಕೈ ಕೈ ಹಿಸುಕಿಕೊಳ್ಳೋದು ಅಷ್ಟೇ: ‘ಶುಡ್ ಹ್ಯಾವ್’. ‘ಬರಬೇಕಾಗಿತ್ತು’ ಅನ್ನೋದನ್ನು ನಾವು ಎರಡಕ್ಕೂ ಬಳಸೋದರಿಂದ ಮೋಸ ಆಗುತ್ತೆ. ಕೆಲಸ ಆಯಿತಾ ಇಲ್ಲವಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಇಲ್ಲಿ ಮಸ್ಟ್ ಯಾಕೆ ಬರಲ್ಲ ಅಂದರೆ, ಮಸ್ಟ್‌ಗೆ ಭೂತಕಾಲದ ರೂಪವೇ ಇಲ್ಲ. ಅದೇ ಒಂದು ಹಳೇ ಇಂಗ್ಲಿಷ್ ಕ್ರಿಯಾಪದದ ಭೂತಕಾಲ, ಕಾಲಾಂತರದಲ್ಲಿ ವರ್ತಮಾನಕ್ಕೆ ಬಂದು ಕೂತಿದೆ. ‘ಮಸ್ಟ್ ಹ್ಯಾವ್ ಗಾನ್’ ಅಂದರೆ ಕಡ್ಡಾಯ ಅಲ್ಲ, ಊಹೆ: ‘ಹೋಗಿರಬೇಕು’. ಊಹೆಗೆ ನಾವೂ ‘ಬೇಕು’ ಅಂತಲೇ ಹೇಳ್ತೀವಿ, ಅವರೂ ಮಸ್ಟ್ ಅಂತಾರೆ. ಅಪರೂಪಕ್ಕೆ ಎರಡು ಭಾಷೆ ಕೈ ಕುಲುಕಿದ ಜಾಗ ಇದು.

ಮನೆಗೆ ಬಂದವರು ಹಣ್ಣು, ಸ್ವೀಟು ತಂದಾಗ ‘ಇದೆಲ್ಲ ಯಾಕೆ ತರೋಕೆ ಹೋದ್ರಿ’ ಅಂತೀವಲ್ಲ, ಅದಕ್ಕೆ ‘ಯೂ ನೀಡಂಟ್ ಹ್ಯಾವ್ ಬ್ರಾಟ್ ಆಲ್ ದಿಸ್’. ತಂದಾಗಿದೆ, ಅಗತ್ಯ ಇರಲಿಲ್ಲ ಅಂತ.

ವ್ಯಾಕರಣದ ಚಿಲ್ಲರೆ ವಿಷಯ ಬೇಗ ಮುಗಿಸ್ತೀನಿ. ಮಸ್ಟ್, ಶುಡ್ ಆದಮೇಲೆ ‘ಟು’ ಬರಲ್ಲ, ‘ಮಸ್ಟ್ ಟು ಗೋ’ ತಪ್ಪು. ಹೀ, ಶೀ ಬಂದರೆ ಹ್ಯಾವ್ ಟು ಹೋಗಿ ಹ್ಯಾಸ್ ಟು ಆಗುತ್ತೆ, ಮಸ್ಟ್ ಹಾಗೇ ಇರುತ್ತೆ. ನಾಳೆಯ ಮಾತಾದರೆ ‘ವಿಲ್ ಹ್ಯಾವ್ ಟು’. ಕಾನೂನಿನ ಕಾಗದದಲ್ಲಿ ಕಡ್ಡಾಯಕ್ಕೆ ‘ಶಲ್’ ಕಾಣುತ್ತೆ. ನಮ್ಮ ಸಂವಿಧಾನದ 52ನೇ ವಿಧಿ ‘ದೇರ್ ಶಲ್ ಬಿ ಎ ಪ್ರೆಸಿಡೆಂಟ್ ಆಫ್ ಇಂಡಿಯಾ’ ಅನ್ನುತ್ತೆ, ಅಂದರೆ ರಾಷ್ಟ್ರಪತಿ ಇರಲೇಬೇಕು. ನೀವು ವಾಟ್ಸಾಪಿನಲ್ಲಿ ಶಲ್ ಹಾಕೋಕೆ ಹೋಗಬೇಡಿ.

ಈಗ ಮೂರು ವಾಕ್ಯ ನೀವೇ ಮಾಡಿ ನೋಡಿ: ‘ನೀನು ಮೊದಲೇ ಹೇಳಬೇಕಿತ್ತು.’ ‘ನಾಳೆ ಬೇಗ ಏಳಬೇಕಾಗಿಲ್ಲ.’ ‘ಮಳೆ ಬಂತು, ಅಲ್ಲೇ ನಿಲ್ಲಬೇಕಾಯಿತು.’ ಉತ್ತರ ಕ್ರಮವಾಗಿ: ಶುಡ್ ಹ್ಯಾವ್ ಟೋಲ್ಡ್, ಡೋಂಟ್ ಹ್ಯಾವ್ ಟು ಗೆಟ್ ಅಪ್, ಹ್ಯಾಡ್ ಟು ವೇಟ್.