ಕಣ್ಣೂರಿನ ಕಾವುಗಳಲ್ಲಿ ತೆಯ್ಯಂ ನೋಡಲು ಹೋಗುವವರಿಗೆ

ಉತ್ತರ ಕೇರಳದ ದೈವಾರಾಧನೆಯ ಕುಣಿತವಾದ ತೆಯ್ಯಂ ಎಂದೊಡನೆ ಹೆಚ್ಚಿನವರ ಕಣ್ಣಿಗೆ ಕಟ್ಟುವುದು ಕೆಂಪು ಬಳಿದ ಮುಖ, ಮುಡಿ ಎಂಬ ಆಳೆತ್ತರದ ಕಿರೀಟ, ಸೊಂಟದ ಸುತ್ತ ಉರಿಯುವ ಪಂಜುಗಳು. ಆ ದೃಶ್ಯವನ್ನೇ ಅರಸಿ ಬಂದವರು ನಸುಕಿನಲ್ಲಿ ಒಂದು ಕಾವಿಗೆ, ಅಂದರೆ ದೈವದ ಬನಕ್ಕೆ ಹೋಗಿ, ಅರ್ಧ ಗಂಟೆ ಬೆಂಕಿಯಾಟ ನೋಡಿ, ನಾಲ್ಕು ಫೋಟೊ ತೆಗೆದುಕೊಂಡು ಇನ್ನೊಂದು ಕಾವಿಗೆ ಓಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದೇ ಕಾವನ್ನು ಆರಿಸಿಕೊಂಡು, ಹೊತ್ತು ಮುಳುಗುವ ಮೊದಲೇ ಅಲ್ಲಿಗೆ ತಲುಪಿ, ಮರುದಿನ ಬೆಳಗಿನ ತನಕ ಅಲ್ಲೇ ಕೂತರೆ ಮಾತ್ರ ತೆಯ್ಯಂ ಅರ್ಥವಾಗುತ್ತದೆ. ಊರಿನವರೆಲ್ಲ ಹೆಸರು ಹಿಡಿದು ಕರೆಯುವ ಒಬ್ಬ ಮನುಷ್ಯ ಒಂದು ರಾತ್ರಿಯೊಳಗೆ ಹಂತ ಹಂತವಾಗಿ ದೈವವಾಗುವ ಕ್ರಮದಲ್ಲಿಯೇ ಅದರ ಹುರುಳೆಲ್ಲ ಇದೆ.

ಮೊದಲು ಕಾಲವನ್ನು ಗೊತ್ತುಮಾಡಿಕೊಳ್ಳಬೇಕು. ಮಲಯಾಳ ಪಂಚಾಂಗದ ತುಲಾ ಮಾಸದ ಹತ್ತನೆಯ ದಿನ, ಅಂದರೆ ಅಕ್ಟೋಬರ್ ಕೊನೆಯ ವಾರದಲ್ಲಿ, ತೆಯ್ಯಂ ಕಾಲ ಆರಂಭವಾಗುತ್ತದೆ. ವಳಪಟ್ಟಣಂನ ಕಳರಿವಾದುಕ್ಕಲ್ ಭಗವತಿ ಕ್ಷೇತ್ರದಲ್ಲಿ ಎಡವ ಮಾಸದಲ್ಲಿ ನಡೆಯುವ ಕಳಿಯಾಟ್ಟ ಎಂಬ ತೆಯ್ಯಂ ಉತ್ಸವದೊಂದಿಗೆ, ಮುಂಗಾರು ಕಾಲಿಡುವ ಹೊತ್ತಿಗೆ, ಅದು ಮುಗಿಯುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಜಿಲ್ಲೆಯಲ್ಲಿ ಒಂದಲ್ಲ ಒಂದು ಕಡೆ ತೆಯ್ಯಂ ಇಲ್ಲದ ರಾತ್ರಿ ಸಿಗುವುದೇ ಕಷ್ಟ. ಹೆಚ್ಚಿನ ಕಾವುಗಳಿಗೆ ಮಲಯಾಳ ತಿಂಗಳ ನಿಶ್ಚಿತ ದಿನಗಳಿರುವುದರಿಂದ ಪ್ರತಿವರ್ಷ ನಮ್ಮ ಕ್ಯಾಲೆಂಡರಿನಲ್ಲಿ ಅವು ಹೆಚ್ಚುಕಡಿಮೆ ಅದೇ ತಾರೀಖಿಗೆ ಬರುತ್ತವೆ. ಆದರೆ ಮನೆತನಕ್ಕೆ ಸೇರಿದ ಚಿಕ್ಕ ಕಾವುಗಳಲ್ಲಿ ಸೂತಕ ಬಂದರೆ ಇಡೀ ಕಾರ್ಯಕ್ರಮ ಮುಂದಕ್ಕೆ ಹೋಗಬಹುದು. ಆದ್ದರಿಂದ ಅಂತರ್ಜಾಲದಲ್ಲಿ ಸಿಕ್ಕ ಪಟ್ಟಿಯೊಂದನ್ನೇ ನಂಬಿ ಹೊರಡದೆ, ಹಿಂದಿನ ದಿನ ಊರಿನವರೊಬ್ಬರಿಂದ ಖಚಿತಪಡಿಸಿಕೊಳ್ಳುವುದು ಕ್ಷೇಮ. ಪಯ್ಯನ್ನೂರು, ತಳಿಪ್ಪರಂಬ, ಕಣ್ಣೂರು ಪೇಟೆಗಳ ಆಟೋ ಚಾಲಕರಿಗೆ ಅಂದು ರಾತ್ರಿ ಎಲ್ಲಿ ಯಾವ ತೆಯ್ಯವೆಂಬುದು ಬಹುಮಟ್ಟಿಗೆ ತಿಳಿದಿರುತ್ತದೆ. 'ಏಟ್ಟಾ' (ಅಣ್ಣಾ) ಎಂದು ಕರೆದು ವಿಚಾರಿಸಿದರೆ, ಹರಕು ಮುರುಕು ಮಲಯಾಳದಲ್ಲಿ ಕೇಳಿದವರಿಗೂ ದಾರಿ ಹೇಳುತ್ತಾರೆ.

ಯಾವ ತೆಯ್ಯವನ್ನು ಆರಿಸಿಕೊಳ್ಳಬೇಕು? ಒಟ್ಟು ಸುಮಾರು 400 ತೆಯ್ಯಗಳಿವೆ ಎಂದು ಹೇಳುವುದುಂಟು. ಮೊದಲ ಸಲ ಹೋಗುವ ಕನ್ನಡಿಗರಿಗೆ ನಮ್ಮ ನೆಲದೊಂದಿಗೆ ನಂಟಿರುವ ಎರಡನ್ನು ಸೂಚಿಸಬಹುದು. ಒಂದು ವಿಷ್ಣುಮೂರ್ತಿ. ನೀಲೇಶ್ವರದ ಪಾಲಂದಾಯಿ ಕಣ್ಣನ್ ಎಂಬ ದನಗಾಹಿ ಯುವಕ ತನ್ನ ಒಡೆಯನಾದ ಕುರುವಾಟ್ಟು ಕುರುಪ್ಪನ ಕೋಪಕ್ಕೆ ಹೆದರಿ ಮಂಗಳೂರಿಗೆ ಓಡಿಹೋಗುತ್ತಾನೆ. ಅಲ್ಲಿ ಅಜ್ಜಿಯೊಬ್ಬಳ ಆಶ್ರಯದಲ್ಲಿ ಆಕೆ ನಂಬಿದ್ದ ವಿಷ್ಣುಮೂರ್ತಿಯನ್ನು ತಾನೂ ಆರಾಧಿಸುತ್ತ ವರ್ಷಗಳನ್ನು ಕಳೆದು, ಕೊನೆಗೆ ದೈವದ ಚುರಿಕೆ ಎಂಬ ಕತ್ತಿಯನ್ನೂ ಓಲೆಕೊಡೆಯನ್ನೂ ಹಿಡಿದು ಊರಿಗೆ ಮರಳುತ್ತಾನೆ. ಕುರುಪ್ ಅವನನ್ನು ಕೆರೆಯ ಬಳಿ ಕಡಿದು ಕೊಲ್ಲುತ್ತಾನೆ. ಆಮೇಲೆ ಮನೆಗೆ ಒಂದರ ಮೇಲೊಂದು ಕೇಡು ಬಂದಾಗ ಅದೇ ಕುರುಪ್ ಆ ದೈವವನ್ನು ನೆಲೆಗೊಳಿಸಿ ಕೋಲ ಕಟ್ಟಿಸಬೇಕಾಯಿತು. ಇನ್ನೊಂದು ಕದಿವನೂರ್ ವೀರನ್. ಕಣ್ಣೂರಿನ ಹತ್ತಿರದ ಮಾಂಗಾಡಿನ ಮಂದಪ್ಪನ್ ಮನೆಯಲ್ಲಿ ಜಗಳವಾಡಿಕೊಂಡು ಕೊಡಗಿನ ಮಲೆಗೆ ಹತ್ತಿಹೋಗಿ, ಅಲ್ಲಿಯೇ ಚೆಮ್ಮರತ್ತಿ ಎಂಬವಳನ್ನು ಮದುವೆಯಾಗಿ, ಕೊಡಗಿನ ಪಡೆಯ ವಿರುದ್ಧ ಕಾದಾಡಿ ಮಡಿದ ಕಥೆ ಅದು. ಗೆದ್ದು ಮರಳುತ್ತಿದ್ದವನು ತುಂಡಾಗಿ ಬಿದ್ದ ಕಿರುಬೆರಳನ್ನೂ ಅದರಲ್ಲಿದ್ದ ಉಂಗುರವನ್ನೂ ಹುಡುಕಲು ಹಿಂದಿರುಗಿ ಹೋಗಿ ಶತ್ರುಗಳ ಕತ್ತಿಗೆ ಸಿಕ್ಕಿದನೆನ್ನುತ್ತಾರೆ. ಬಾಳೆದಿಂಡಿನಿಂದ ಕಟ್ಟಿ ಪಂಜುಗಳನ್ನು ಚುಚ್ಚಿದ ಒಂದು ಕಟ್ಟೆಯೇ ಅಲ್ಲಿ ಚೆಮ್ಮರತ್ತಿ. ಕತ್ತಿ ಗುರಾಣಿ ಹಿಡಿದ ವೀರನ್ ಅದರ ಸುತ್ತ ಕಳರಿ ಕಾಳಗವಿದ್ಯೆಯ ಹೆಜ್ಜೆ ಹಾಕುವುದನ್ನು ನೋಡುವಾಗ ಕಥೆ ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ಕಾಣುವುದು ಬೇರೆಯೇ. ಆದ್ದರಿಂದ ಹೋಗುವ ಮುನ್ನ ಅಂದಿನ ತೆಯ್ಯದ ಕಥೆಯನ್ನು ಕೇಳಿಯಾದರೂ ತಿಳಿದುಕೊಳ್ಳಿ. ತುಳುನಾಡಿನವರಿಗೆ ಪರಿಚಿತ ಹೆಸರುಗಳೂ ಇಲ್ಲಿ ಸಿಗುತ್ತವೆ: ನಮ್ಮ ಗುಳಿಗ ಅಲ್ಲಿ ಗುಳಿಗನ್, ಪಂಜುರ್ಲಿ ಅಲ್ಲಿ ಪಂಚುರುಳಿ.

ರಾಮಾಯಣದ ಕಡೆ ಒಲವಿದ್ದವರು ಫೆಬ್ರುವರಿ ನಡುವಿನಲ್ಲಿ, ಕುಂಭ ಮಾಸದ ಮೊದಲ ವಾರ, ತಲಶ್ಶೇರಿಯ ಬಳಿಯ ಅಂಡಲೂರು ಕಾವಿಗೆ ಹೋಗಬಹುದು. ಅಲ್ಲಿ ರಾಮನೇ ದೈವತ್ತಾರ್, ಲಕ್ಷ್ಮಣ ಅಂಗಕ್ಕಾರನ್, ಹನುಮಂತ ಬಪ್ಪುರನ್. ಹೆಣ್ಣು ದೈವಗಳನ್ನೂ ಗಂಡಸರೇ ಕಟ್ಟುವ ಈ ಪರಂಪರೆಯಲ್ಲಿ, ಎರಡು ವರ್ಷಕ್ಕೊಮ್ಮೆ ತೆಕ್ಕುಂಬಾಡಿನಲ್ಲಿ ಹೆಂಗಸೊಬ್ಬರೇ ಕಟ್ಟುವ ದೇವಕೂತ್ತು ಎದ್ದುಕಾಣುವ ಅಪವಾದ.

ಇನ್ನು ರಾತ್ರಿಯ ಕ್ರಮ. ತೆಯ್ಯಂ ಕಟ್ಟುವ ಹಕ್ಕು ವಣ್ಣಾನ್, ಮಲಯನ್, ವೇಲನ್, ಪುಲಯನ್ ಮೊದಲಾದ ಸಮುದಾಯಗಳಿಗೆ ವಂಶಪಾರಂಪರ್ಯವಾಗಿ ಬಂದದ್ದು. ಯಾವ ಕಾವಿನಲ್ಲಿ ಯಾವ ಮನೆಯವರು ಕಟ್ಟಬೇಕೆಂಬುದೂ ನಿಶ್ಚಿತವಾಗಿರುತ್ತದೆ. ಕಾವಿನವರು ವೀಳ್ಯದೆಲೆ, ಅಡಿಕೆ, ನಾಣ್ಯ ಕೊಟ್ಟು ಒಪ್ಪಿಸಿದ ದಿನದಿಂದ ತೆಯ್ಯಂ ಕಟ್ಟುವ ಕೋಲಧಾರಿ ವ್ರತದಲ್ಲಿರುತ್ತಾನೆ. ಸಂಜೆ ಆತ ಹೆಚ್ಚು ಅಲಂಕಾರವಿಲ್ಲದೆ, ಚೆಂಡೆಯ ಮುಂದೆ ನಿಂತು ದೈವದ ಹುಟ್ಟು, ಸಂಚಾರ, ಸಾವುಗಳ ಹಾಡನ್ನು ಹೇಳುತ್ತಾನೆ, ಇದು ತೋಟ್ಟಂ. ತುಳುವಿನ ದೈವಗಳ ಕಥೆ ಹೇಳುವ ಪಾಡ್ದನ ಕೇಳಿ ಬೆಳೆದವರಿಗೆ ಇದರ ಲಯ ಬೇಗ ಹಿಡಿಸುತ್ತದೆ. ಕೆಲವು ದೈವಗಳಿಗೆ ತೋಟ್ಟದ ಬದಲು ವೆಳ್ಳಾಟ್ಟಂ ಎಂಬ ಕಿರಿಯ ರೂಪವಿರುತ್ತದೆ: ಚಿಕ್ಕ ಮುಡಿ, ಸರಳ ಬಣ್ಣ, ಚುರುಕಾದ ಕುಣಿತ. ಹೊರಗಿನವರು ಬಿಟ್ಟುಬಿಡುವುದು ಈ ಹೊತ್ತನ್ನೇ. ನನ್ನ ಮಟ್ಟಿಗೆ ಬೆಂಕಿಗಿಂತ ಇದೇ ಮೇಲು, ಏಕೆಂದರೆ ಗುಂಪು ಇನ್ನೂ ಸೇರಿರುವುದಿಲ್ಲ, ಹಾಡು ಸ್ಪಷ್ಟವಾಗಿ ಕೇಳುತ್ತದೆ.

ಆಮೇಲೆ ನಡುವೆ ಗಂಟೆಗಟ್ಟಲೆ ಬಿಡುವು ಬರುತ್ತದೆ. ಈ ಬಿಡುವಿನಲ್ಲಿ ಎದ್ದುಹೋಗಬೇಡಿ. ಕಾವಿನ ಬದಿಯಲ್ಲಿ ತೆಂಗಿನ ಗರಿಯಿಂದ ಮರೆಕಟ್ಟಿದ ಅಣಿಯರ ಎಂಬ ಚಪ್ಪರವಿರುತ್ತದೆ. ಅಲ್ಲಿ ಕೋಲಧಾರಿ ಚಾಪೆಯ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿರುತ್ತಾನೆ. ಅವನ ತಲೆಯ ಕಡೆ ಕೂತ ಹಿರಿಯನೊಬ್ಬ ತೆಂಗಿನ ಕಡ್ಡಿಯ ತುದಿಯನ್ನು ಬಣ್ಣಕ್ಕೆ ಅದ್ದಿ, ಕೆನ್ನೆ ಹಣೆಗಳ ಮೇಲೆ ಕೂದಲೆಳೆಯಂಥ ಗೆರೆಗಳನ್ನು ತಲೆಕೆಳಗಾಗಿಯೇ ಎಳೆಯುತ್ತಾನೆ. ಅಕ್ಕಿಹಿಟ್ಟಿನ ಬಿಳುಪು, ಅರಿಶಿನ, ಚಾಯಿಲ್ಯದ ಕೆಂಪು, ದೀಪದ ಕಾಡಿಗೆ, ಇಷ್ಟೇ ಸಾಮಗ್ರಿ. ಪ್ರತಿ ದೈವಕ್ಕೂ ಬೇರೆಯೇ ಮುಖಬರಹವಿದೆ. ಬಲ್ಲವರು ಕೆನ್ನೆಯ ಸುರುಳಿಯನ್ನು ನೋಡಿಯೇ ದೈವದ ಹೆಸರು ಹೇಳಿಬಿಡುತ್ತಾರೆ. ದೂರದಿಂದ ನೋಡಲು ಯಾರೂ ಬೇಡವೆನ್ನುವುದಿಲ್ಲ, ಆದರೆ ಅಪ್ಪಣೆಯಿಲ್ಲದೆ ಮರೆಯೊಳಗೆ ಕಾಲಿಡುವುದು, ಮಲಗಿದ ಮುಖಕ್ಕೆ ಮೊಬೈಲ್ ಹಿಡಿಯುವುದು ಅನುಚಿತ. ಬಣ್ಣ, ಉಡುಗೆ ಎಲ್ಲ ಮುಗಿದ ಮೇಲೆ ದೈವದ ನೆಲೆಯ ಎದುರು ಪೀಠದ ಮೇಲೆ ಕೂರಿಸಿ ಮುಡಿ ಕಟ್ಟುತ್ತಾರೆ ಮತ್ತು ಕೈಗೆ ಒಂದು ಚಿಕ್ಕ ಕನ್ನಡಿ ಕೊಡುತ್ತಾರೆ. ಕನ್ನಡಿಯಲ್ಲಿ ಅವನು ನೋಡುವುದು ತನ್ನ ಮುಖವನ್ನಲ್ಲ, ದೈವದ ಮುಖವನ್ನು. ಚೆಂಡೆ ಏರುತ್ತದೆ, ಮೈ ನಡುಗುತ್ತದೆ, ಅಲ್ಲಿಂದಾಚೆಗೆ ಅವನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಇಡೀ ರಾತ್ರಿಯಲ್ಲಿ ತಪ್ಪಿಸಿಕೊಳ್ಳಬಾರದ ಹೊತ್ತು ಇದೊಂದು.

ನಡವಳಿಕೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ತುಳುನಾಡಿನ ಭೂತಗಳ ನೇಮಕ್ಕೆ ಹೋಗಿ ಬಂದವರಿಗೆ ಎಲ್ಲವೂ ಗೊತ್ತಿರುವಂಥದ್ದೇ. ಚಪ್ಪಲಿಯನ್ನು ಹೊರಗೆ ಬಿಡಬೇಕು, ಕುಡಿದು ಹೋಗಬಾರದು, ಸಾದಾ ಉಡುಪು ಸಾಕು. ಹೆಚ್ಚಿನ ಕಾವುಗಳಲ್ಲಿ ಫೋಟೊಗೆ ಅಡ್ಡಿಯಿಲ್ಲವಾದರೂ ಮೊದಲು ಕೇಳಿ, ಫ್ಲ್ಯಾಶ್ ಬಳಸಬೇಡಿ. ನೆಲೆಗೂ ತೆಯ್ಯಕ್ಕೂ ನಡುವಿನ ದಾರಿಯಲ್ಲಿ ಎಂದೂ ನಿಲ್ಲಬೇಡಿ. ದೊಡ್ಡ ಮುಡಿ ಹೊತ್ತ ದೈವ ತಿರುಗುವಾಗ ಎದುರಿಗೆ ಯಾರಿದ್ದಾರೆಂದು ನೋಡುವ ಸ್ಥಿತಿಯಲ್ಲಿರುವುದಿಲ್ಲ. ಗುಳಿಗನ್‌ನಂಥ ಉಗ್ರ ದೈವಗಳು ಜನರ ನಡುವೆಯೇ ನುಗ್ಗುವುದರಿಂದ ಚಿಕ್ಕ ಮಕ್ಕಳನ್ನು ಕರೆದೊಯ್ದವರು ಹಿಂದಿನ ಸಾಲಿನಲ್ಲಿರುವುದು ಒಳ್ಳೆಯದು. ಕೆಲವು ಕಾವುಗಳಲ್ಲಿ ಕೋಳಿಬಲಿ ಇರುತ್ತದೆ; ನೋಡಲಾಗದವರು ಮುಂಚೆಯೇ ಕೇಳಿಕೊಂಡು ಆ ಹೊತ್ತಿಗೆ ಹೊರಗಿರಬಹುದು.

ಬೆಂಕಿಯ ತೆಯ್ಯಗಳು ಸಾಮಾನ್ಯವಾಗಿ ನಸುಕಿಗೆ ಬರುತ್ತವೆ. ರಾತ್ರಿಯಿಡೀ ಉರಿದ ಸೌದೆಯ ರಾಶಿ ಆ ಹೊತ್ತಿಗೆ ಕೆಂಡದ ಗುಡ್ಡೆಯಾಗಿರುತ್ತದೆ. ಒಟ್ಟಕ್ಕೋಲ ಎಂಬ ಬೆಂಕಿಯ ಕೋಲದಲ್ಲಿ ವಿಷ್ಣುಮೂರ್ತಿ ಆ ಗುಡ್ಡೆಗೆ ಮೈಯೊಡ್ಡಿ ಬೀಳುತ್ತಾನೆ, ಸಹಾಯಕರು ಸೊಂಟದ ಹಗ್ಗ ಹಿಡಿದು ಎಳೆದುಕೊಳ್ಳುತ್ತಾರೆ, ಮತ್ತೆ ಬೀಳುತ್ತಾನೆ. ಎಳೆಯ ತೆಂಗಿನ ಗರಿಯ ದಪ್ಪ ಉಡುಗೆ ಒಂದಿಷ್ಟು ಕಾಪಾಡುತ್ತದೆಂಬುದು ನಿಜ, ಆದರೆ ಸುಟ್ಟಗಾಯಗಳಾಗುವುದೂ ಅಷ್ಟೇ ನಿಜ. ಇನ್ನಷ್ಟು ಬೀಳಲೆಂದು ಕೂಗಿ ಹುರಿದುಂಬಿಸುವ ಪ್ರೇಕ್ಷಕರ ಸಾಲಿಗೆ ಸೇರಬೇಡಿ. ಪೊಟ್ಟನ್ ತೆಯ್ಯಂ ಇದಕ್ಕಿಂತ ಭಿನ್ನ: ಕೆಂಡದ ಮೇಲೆ ಒರಗಿಕೊಂಡೇ ತಮಾಷೆ ಮಾಡುತ್ತಾನೆ, ಚಳಿಯಾಗುತ್ತಿದೆ ಎನ್ನುತ್ತಾನೆ. ಶಂಕರಾಚಾರ್ಯರ ದಾರಿಗೆ ಅಡ್ಡನಿಂತ ಚಂಡಾಲರೂಪಿ ಶಿವನ ಕಥೆ ಅದು. ಗಾಯವಾದರೆ ನಿಮ್ಮ ಮೈಯಲ್ಲಿ ಬರುವುದೂ ನಮ್ಮ ಮೈಯಲ್ಲಿ ಬರುವುದೂ ಒಂದೇ ನೆತ್ತರಲ್ಲವೇ ಎಂದು ಕೇಳುವ ಅದರ ತೋಟ್ಟಂ ಜಾತಿಯ ಮೇಲುಕೀಳನ್ನು ಮುಖಕ್ಕೆ ಹೊಡೆದಂತೆ ಪ್ರಶ್ನಿಸುತ್ತದೆ. ಮಲಯಾಳ ಅಲ್ಪಸ್ವಲ್ಪ ಬಲ್ಲವರು ಆಯ್ದುಕೊಳ್ಳಬೇಕಾದ ತೆಯ್ಯ ಇದು.

ಕುಣಿತ ಮುಗಿದ ಮೇಲೆ ದೈವ ನೆಲೆಯ ಬಳಿ ನಿಂತು ಒಬ್ಬೊಬ್ಬರನ್ನೇ ಕರೆದು ಮಾತಾಡುತ್ತದೆ. ಸಾಲಿನಲ್ಲಿ ನಿಲ್ಲಲು ಹೊರಗಿನವರಿಗೂ ಅವಕಾಶವಿದೆ. ಕೈ ಹಿಡಿದು ಕಷ್ಟಸುಖ ಕೇಳಿ, ಅರಿಶಿನ ಕೊಡುತ್ತದೆ. ಮಾತು ಅರ್ಥವಾಗದಿದ್ದರೆ ಪಕ್ಕದವರು ಹೇಳಿಕೊಡುತ್ತಾರೆ. ಕೈಲಾದಷ್ಟು ಕಾಣಿಕೆ ಕೊಟ್ಟರಾಯಿತು, ಆದರೆ ಕೊಡದೆ ಬರಬೇಡಿ. ಇಷ್ಟೊಂದು ಕಷ್ಟದ ಕೆಲಸಕ್ಕೆ ಕೋಲಧಾರಿಗಳಿಗೆ ಸಿಗುವ ಸಂಭಾವನೆ ಹೆಚ್ಚೇನಲ್ಲ, ಆರೇಳು ತಿಂಗಳ ದುಡಿಮೆಯಲ್ಲಿ ವರ್ಷ ಸಾಗಿಸಬೇಕು, ಬೆನ್ನು ಮೊಣಕಾಲುಗಳ ನೋವು ಬೇಗ ಹಿಡಿಯುತ್ತದೆ. 2024ರಲ್ಲಿ ಕಣ್ಣೂರಿನ ಇ. ಪಿ. ನಾರಾಯಣನ್ ಪೆರುವಣ್ಣಾನ್ ಅವರಿಗೆ ಪದ್ಮಶ್ರೀ ಬಂದಾಗ ಈ ಸಮುದಾಯಗಳಲ್ಲಿ ಮೂಡಿದ ಸಂತೋಷವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ರಾತ್ರಿಯಿಡೀ ಕೂರಲಾಗದ ಹಿರಿಯರಿದ್ದರೆ, ಅಥವಾ ನೀವು ಹೋದ ದಿನ ಎಲ್ಲಿಯೂ ಕಳಿಯಾಟ್ಟವಿಲ್ಲದಿದ್ದರೆ, ವಳಪಟ್ಟಣಂ ಹೊಳೆಯ ದಂಡೆಯ ಪರಶ್ಶಿನಿಕಡವು ಇದೆ. ಅಲ್ಲಿನ ಮಡಪ್ಪುರ ಎಂಬ ದೈವಸ್ಥಾನದಲ್ಲಿ ವರ್ಷದ ಕೆಲವು ದಿನಗಳನ್ನು ಬಿಟ್ಟರೆ ದಿನವೂ ಮುತ್ತಪ್ಪನ್ ತೆಯ್ಯಂ ಬೆಳಗಿನ ಜಾವ ಮತ್ತು ಸಂಜೆ ನಡೆಯುತ್ತದೆ. ಬೆಳಗಿನದರಲ್ಲಿ ತಿರುವಪ್ಪನ ಎಂಬ ದೊಡ್ಡ ರೂಪ ಮತ್ತು ವೆಳ್ಳಾಟ್ಟಂ ಎರಡೂ ಇರುವುದರಿಂದ ಅದೇ ಮೇಲು. ಮೀನು ಮತ್ತು ಕಳ್ಳು ಇಲ್ಲಿನ ನೈವೇದ್ಯ, ನಾಯಿಗಳಿಗೆ ಒಳಗೆಲ್ಲ ಮುಕ್ತ ಓಡಾಟ, ಯಾವ ಜಾತಿ ಮತದವರಿಗೂ ತಡೆಯಿಲ್ಲ. ಬಂದವರಿಗೆಲ್ಲ ಬೇಯಿಸಿದ ಕಾಳು, ತೆಂಗಿನಕಾಯಿಯ ಚೂರು ಮತ್ತು ಚಹಾ ಕೊಡುತ್ತಾರೆ; ತಿನ್ನದೆ ಹೊರಡಬೇಡಿ.

ಮಂಗಳೂರಿನಿಂದ ರೈಲಿನಲ್ಲಿ ಎರಡು ಮೂರು ಗಂಟೆಯೊಳಗೆ ಕಣ್ಣೂರು ಸೇರಬಹುದು. ಉತ್ತರ ಭಾಗದ ಕಾವುಗಳಿಗಾದರೆ ಪಯ್ಯನ್ನೂರಿನಲ್ಲಿಯೇ ಇಳಿಯುವುದು ಲಾಭ. ಮೈಸೂರು, ಕೊಡಗಿನ ಕಡೆಯವರಿಗೆ ವಿರಾಜಪೇಟೆ, ಮಾಕುಟ್ಟ, ಇರಿಟ್ಟಿಯ ಘಾಟಿ ದಾರಿಯಿದೆ. ಆ ದಾರಿಯಲ್ಲಿ ಬರುವವರು ಸಮಯ ಹೊಂದಿಸಿಕೊಂಡರೆ, ಕೊಡವರು ಬೈತೂರಪ್ಪನೆಂದು ನಡೆದುಕೊಳ್ಳುವ ವಯತ್ತೂರು ಕಾಳಿಯಾರ್ ದೇವಸ್ಥಾನದ ಜನವರಿಯ ಉತ್ಸವವನ್ನೋ, ಕೊಡಗಿನಿಂದ ಎತ್ತುಗಳ ಮೇಲೆ ಅಕ್ಕಿ ಹೊತ್ತು ತರುವ ಪಯ್ಯಾವೂರಿನ ಊಟ್ಟುತ್ಸವವನ್ನೋ ಅದೇ ಪ್ರಯಾಣದಲ್ಲಿ ಸೇರಿಸಿಕೊಳ್ಳಬಹುದು. ಕಣ್ಣೂರು ಪೇಟೆಯಲ್ಲಿ ಹಗಲು ಬಿಡುವಿದ್ದರೆ ಚಿರಕ್ಕಲ್‌ನಲ್ಲಿರುವ ಕೇರಳ ಫೋಕ್‌ಲೋರ್ ಅಕಾಡೆಮಿಗೆ ಹೋಗಿ ಬನ್ನಿ. ಕಳಿಯಾಟ್ಟದ ದಿನಗಳಲ್ಲಿ ಹಳ್ಳಿಗಳಿಂದ ರಾತ್ರಿ ವಾಹನ ಸಿಗುವುದು ಕಷ್ಟವಾದ್ದರಿಂದ, ಬಿಟ್ಟುಹೋಗುವ ಆಟೋದವರ ಹತ್ತಿರವೇ ಬೆಳಗ್ಗೆ ಎಂಟಕ್ಕೆ ಬರುವಂತೆ ಹೇಳಿ ಇಟ್ಟುಕೊಳ್ಳಿ.