ಡಬ್ಬಿ ಬಣ್ಣ ಬಿಟ್ಟು ಖಾಡಿಯ ಚಿತ್ರ ಬರೆದೆವು

ಮುಂಬಯಿಯ ಮುಲುಂಡ್ ಪೂರ್ವದಲ್ಲಿ ನಮ್ಮ ಕಟ್ಟಡಗಳ ಸಾಲು ಮುಗಿದು ಹೈವೇ ದಾಟಿದರೆ ಠಾಣೆ ಖಾಡಿಯ ಕಡೆ, ಸಮುದ್ರ ಒಳಚಾಚಿದ ಹಿನ್ನೀರು ಅದು. ಬಾಲ್ಕನಿಗೆ ಹಸಿರು ಗೆರೆಯಾಗಿ ಕಾಣುತ್ತದೆ. ವರ್ಷಗಟ್ಟಲೆ ಇಲ್ಲೇ ಇದ್ದವರಿಗೂ ಅದು ಸೊಳ್ಳೆ ಬರುವ ದಿಕ್ಕು, ಅಷ್ಟೇ. 2015ರಲ್ಲಿ ಖಾಡಿಯ ಒಂದು ಭಾಗ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೂ ಸೇರಿತು. ಆ ಸುದ್ದಿ ಓದಿ ಹೈವೇ ದಾಟಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ಫ್ಲೆಮಿಂಗೊ ಚಿತ್ರಗಳಿಗೇನು, ನವಿ ಮುಂಬಯಿಯ ಗೋಡೆಗಳ ಮೇಲೆ ಬೇಕಾದಷ್ಟಿವೆ. ಆದರೆ ಯಾರೋ ಬರೆದದ್ದನ್ನು ಬಸ್ಸಿನ ಕಿಟಕಿಯಿಂದ ನೋಡಿದರೆ ಖಾಡಿ ನಮ್ಮದಾಗುವುದಿಲ್ಲ. ಜನ ತಾವೇ ಬರೆಯಬೇಕು, ಬಣ್ಣವನ್ನೂ ತಾವೇ ಹುಡುಕಬೇಕು. ಚಿತ್ರಕಲೆ ಕಲಿಸುವ ನನಗೆ ಈ ನಂಬಿಕೆ ಹಳೆಯದು. ಹಾಗಾಗಿ ಸುತ್ತಲಿನ ಕನ್ನಡದ ಮನೆಗಳ ಮಕ್ಕಳನ್ನೂ ಹಿರಿಯರನ್ನೂ ಸೇರಿಸಿದಾಗ ಒಂದೇ ಕಟ್ಟಳೆ ಹಾಕಿದೆ: ಬಣ್ಣದ ಡಬ್ಬಿ ಯಾರೂ ತರುವಂತಿಲ್ಲ.

ಶುರುವಾದದ್ದು ಕಪ್ಪಿನಿಂದ, ಅದಕ್ಕೇ ಹೆಚ್ಚು ದಿನ ಬೇಕು. ತುಕ್ಕು ಹಿಡಿದ ಮೊಳೆ, ಕಬ್ಬಿಣದ ಚೂರು, ಬೆಲ್ಲ, ನೀರು ಮಡಕೆಗೆ ಹಾಕಿ ಎರಡು ಮೂರು ವಾರ ಹುಳಿಯಲು ಬಿಡಬೇಕು. ಅಷ್ಟರಲ್ಲಿ ಚಿತ್ರ ಬರೆಯುವ ಮಾದರಪಾಟು ಬಟ್ಟೆಯನ್ನು ಗಂಜಿ ಹೋಗುವಂತೆ ಒಗೆದು, ಅಳಲೆಕಾಯಿ ಪುಡಿ ಕಲಸಿದ ಎಮ್ಮೆ ಹಾಲಿನಲ್ಲಿ ಅದ್ದಿ ಬಿಸಿಲಿಗೆ ಹಾಕಬೇಕು. ಹಾಲಿನ ಜಿಡ್ಡಿಗೆ ಬಣ್ಣ ಹರಡುವುದಿಲ್ಲ. ಬಟ್ಟೆಯ ಮೇಲೆ ಚಿತ್ರ ಬರೆಯುವ ಕಲಂಕಾರಿಯವರು ಮಾಡುವುದೂ ಹೀಗೆಯೇ. ಇಲ್ಲಿನ ಗ್ರಂಧಿಗೆ ಅಂಗಡಿಯಲ್ಲಿ ಹಿರಡಾ ಎಂದು ಕೇಳಿದರೆ ಅಳಲೆಕಾಯಿ ಕೊಡುತ್ತಾರೆ. ಮಡಕೆಯ ನೀರು ನೋಡಲು ಬರೀ ಮಾಸಲು ಕಂದು. ಬಟ್ಟೆಗೆ ತಾಕಿದ್ದೇ ತಡ, ಅಳಲೆಯ ಒಗರು ಕಬ್ಬಿಣದೊಡನೆ ಕೂಡಿ ಗೆರೆ ಕಪ್ಪೇರುತ್ತದೆ. ಮಕ್ಕಳ ಕೂಗಿಗೆ ಮೇಲಿನ ಮಹಡಿಯವರೂ ಇಣುಕಿದರು. ‘ಒಗರಿರೋ ಎಲೆ ಎಲ್ಲಾ ಹೀಗೇ ಮಾಡುತ್ತಾ ಟೀಚರ್?’ ಎಂದಳು ಒಬ್ಬಳು. ಅಲ್ಲಿಂದ ಕಾಂಪೌಂಡಿನ ಒಂದೊಂದೇ ಮರದಡಿ ಹುಡುಕಾಟ. ಉದುರಿದ ಕಾಡುಬಾದಾಮಿ ಎಲೆಗಳನ್ನು ಕುದಿಸಿ ಕಬ್ಬಿಣದ ನೀರು ಬೆರೆಸಿದರೆ ಒಳ್ಳೆಯ ಬೂದುಗಪ್ಪು ಬಂತು. ಪಾರ್ಕಿಂಗ್ ಪಕ್ಕದ ಮರವೆಂದಷ್ಟೇ ಗೊತ್ತಿದ್ದುದನ್ನು ಈಗ ಎಲ್ಲರೂ ಹೆಸರು ಹಿಡಿದು ಕರೆಯುತ್ತಾರೆ.

ಪಾರಿಜಾತದ ತೊಟ್ಟಿನಿಂದ ಕೇಸರಿ ಸಿಕ್ಕಿತು. ಶಂಖಪುಷ್ಪದ ನೀಲಿಗೆ ನಿಂಬೆ ಹಿಂಡಿದರೆ ನೇರಳೆ, ಆದರೆ ಬಿಸಿಲಿಗೆ ಬೇಗ ಮಾಸುತ್ತದೆ. ತುಳಸಿ ಕುಂಡಕ್ಕೆ ಬಳಿಯುವ, ಇಲ್ಲಿ ಗೇರು ಎನ್ನುವ ಕೆಮ್ಮಣ್ಣು ಅಂಗಡಿಯದಾದರೂ ಮಣ್ಣೇ ತಾನೆ, ಅದಕ್ಕೆ ಒಪ್ಪಿದೆ.

ಮಗನ ಮನೆಗೆ ಬಂದಿದ್ದ ಸಾಗರದ ಕಡೆಯ ಅಜ್ಜಿಯೊಬ್ಬರು ಸುಮ್ಮನೆ ನೋಡುತ್ತ ಕೂತಿದ್ದರು. ದೀವರ ಮನೆಯ ಗೋಡೆಗಳಲ್ಲಿ ಹಸೆ ಚಿತ್ತಾರ ಬರೆದ ಕೈ ಅದು. ‘ಈ ಬ್ರಶ್ ಎಂತಕ್ಕೆ ಮಗಾ, ಪುಂಡಿ ನಾರು ಸಿಗ್ತದಾ ಇಲ್ಲಿ?’ ಅಂದರು. ‘ಸಿಗುತ್ತೆ ಅಜ್ಜಿ, ತರಿಸ್ತೀನಿ, ನೀವೇ ಕಟ್ಟಿಕೊಡಬೇಕು’ ಎಂದೆ. ಇಲ್ಲಿ ಅಂಬಾಡಿ ಎಂದು ಮಾರುವುದು ಅದೇ ಸೊಪ್ಪು. ಬಲಿತ ದಂಟು ಬೇಕೆಂದು ಸೊಪ್ಪಿನವಳಿಗೆ ಮೊದಲೇ ಹೇಳಿಟ್ಟೆ. ದಂಟನ್ನು ನೀರಲ್ಲಿ ಕೊಳೆಹಾಕಿ, ನಾರು ಸುಲಿದು, ಅಜ್ಜಿ ಕುಂಚ ಕಟ್ಟಿದರು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಎಂದು ಅವರು ಹೇಳುತ್ತ ಹೋದಂತೆ, ಮಕ್ಕಳನ್ನು ಬಿಟ್ಟುಹೋಗಲು ಬಂದ ತಾಯಂದಿರೂ ಕೂತುಬಿಟ್ಟರು.

ಬಟ್ಟೆ ಹಾಸುವ ಮುನ್ನ, ಇಳಿತದ ಹೊತ್ತು ನೋಡಿಕೊಂಡು ಖಾಡಿಯಂಚಿನ ಭಾಂಡೂಪ್ ಪಂಪಿಂಗ್ ಸ್ಟೇಷನ್ ಕಡೆ ಹೋದೆವು. ಅಲ್ಲಿಂದ ಎಲೆಯನ್ನೂ ಕೀಳುವಂತಿಲ್ಲ. ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಮರ ಕಡಿಯಬಾರದೆಂದು ಬಾಂಬೆ ಹೈಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ. ಯಾಕೆ ಎಂದು ಮಕ್ಕಳಿಗೆ ಹೇಳಿದವರು ನಮ್ಮ ಜತೆ ಬಂದ ಹೋಟೆಲ್ ಮಾಮ. 2005ರ ಜುಲೈ 26ರಂದು ಸಾಂತಾಕ್ರೂಝ್‌ನಲ್ಲಿ ಒಂದೇ ದಿನಕ್ಕೆ 944 ಮಿ.ಮೀ. ಮಳೆ ಸುರಿದಾಗ ಅವರು ಕುರ್ಲಾದಲ್ಲಿ ಎದೆಮಟ್ಟದ ನೀರಲ್ಲಿ ನಡೆದವರು. ಉಬ್ಬರವೂ ಮಳೆಯೂ ಒಟ್ಟಿಗೆ ಬಂದರೆ ನೀರಿಗೆ ನಿಲ್ಲಲು ಜಾಗ ಬೇಕು, ಆ ಜಾಗ ಈ ಕೆಸರು ಮತ್ತು ಕಾಂಡ್ಲಾ ಎಂದರು. ಆಮೇಲೆ ಒಬ್ಬೊಬ್ಬರೂ ಒಂದೊಂದನ್ನು ಆರಿಸಿಕೊಂಡು, ಫೋನ್ ಮುಟ್ಟದೆ ನೋಡುತ್ತ ಕೂತರು. ಯಾರಿಗೆ ಕೆಸರಿನಿಂದೆದ್ದ ಉಸಿರುಬೇರು, ಯಾರಿಗೆ ಎಲೆಯ ಮೇಲಿನ ಉಪ್ಪಿನ ಹರಳು, ಯಾರಿಗೆ ಕೆಸರಲ್ಲಿ ಕುಪ್ಪಳಿಸುವ ಮೀನು.

ಫ್ಲೆಮಿಂಗೊ ಬಹಳ ಜನರ ಪಾಲಿಗೆ ಬಂತು, ಗುಲಾಬಿ ಬಣ್ಣ ಎಲ್ಲಿಂದ ತರುವುದು? ಮರಿಗಳು ಹುಟ್ಟುವಾಗ ಬೂದು, ಪಾಚಿಯನ್ನೂ ಸೀಗಡಿಯಂಥ ಸಣ್ಣ ಜೀವಿಗಳನ್ನೂ ತಿಂದು ಗುಲಾಬಿಯಾಗುತ್ತವೆ ಎಂದೆ. ‘ಹಾಗಾದ್ರೆ ತಿನ್ನೋಕೆ ಅದು ಸಿಗದಿದ್ರೆ ಬೆಳ್ಳಗಾಗುತ್ತಾ?’ ಎಂದ ಒಬ್ಬ ಹುಡುಗ. ಹೌದು, ಊಟ ಬದಲಾದರೆ ಬಣ್ಣ ಮಾಸುತ್ತದೆ. ಅವನು ತನ್ನ ಹಕ್ಕಿಗಳ ಕಾಲಡಿ ಪಾಚಿಯನ್ನೂ ಬರೆದ, ಹಕ್ಕಿಗಿಂತ ದೊಡ್ಡದಾಗಿ! ಮಂಜಿಷ್ಠದ ಬೇರಿಗೆ ಪಟಿಕ ಸೇರಿಸಿ ಕುದಿಸಿ ನಮ್ಮ ಗುಲಾಬಿ ಮಾಡಿಕೊಂಡೆವು.

ನಿಮ್ಮ ಕಟ್ಟಡದಲ್ಲೂ ಮಾಡುವುದಿದ್ದರೆ ದೀಪಾವಳಿ ಮುಗಿದ ಕೂಡಲೇ ಕಬ್ಬಿಣದ ಮಡಕೆ ಇಡಿ. ನವೆಂಬರ್ ಹೊತ್ತಿಗೆ ಹಕ್ಕಿಗಳು ಬರತೊಡಗುತ್ತವೆ. ಬಟ್ಟೆಯೂ ಚಳಿಗಾಲದ ಬಿಸಿಲಿಗೆ ಬೇಗ ಒಣಗುತ್ತದೆ, ಮಳೆಗಾಲದಲ್ಲಾದರೆ ಹಾಲು ನಾರುತ್ತದೆ. ಕುದಿಸಿದ ಬಣ್ಣಕ್ಕೆ ಬೂಸಲು ಬರದಂತೆ ಎರಡು ಹನಿ ಲವಂಗದೆಣ್ಣೆ ಬಿಡಿ. ಪಾರಿಜಾತದ ಹೂವನ್ನು ಮಾತ್ರ ಅದಕ್ಕೂ ಮೊದಲೇ ಆಯ್ದು, ತೊಟ್ಟು ಬಿಡಿಸಿ ನೆರಳಲ್ಲಿ ಒಣಗಿಸಿಟ್ಟುಕೊಳ್ಳಿ.